ಪಾರ್ಕು ಇದೆ, ಮೈದಾನ ಇದೆ. ಅಲ್ಲಿ ಆಟ ಆಡಿಸುವವರು ಯಾರು? ಹುಬ್ಬಳ್ಳಿ-ಧಾರವಾಡದವರು ಮಾತಾಡೋಣ ಬನ್ನಿ

ಸಾಧನಕೇರಿ ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ ರೀ. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಆಗಲಿ ಅಂತ 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆಗಿನಿಂದ ನೀರು ಯಾರಿಗೆ, ತೆರಿಗೆ ಎಷ್ಟು, ನೌಕರರು ಯಾವ ಕಡೆ ಅನ್ನೋದೇ ಮಾತು. ಪಾರ್ಕು, ಮೈದಾನ, ಕೆರೆ ದಂಡೆಗಳ ವಿಷಯ ಯಾರ ಬಾಯಲ್ಲೂ ಬರುತ್ತಿಲ್ಲ. ಅದಕ್ಕೇ ಈ ಚರ್ಚೆ.

ನಮ್ಮೂರಲ್ಲಿ ಪಾರ್ಕಿನ ಗಿಡ ನೋಡಿಕೊಳ್ಳುವವರು ಇದ್ದಾರೆ. ಪಾರ್ಕಿಗೆ ಬರುವ ಜನರಿಗಾಗಿ ಏನಾದರೂ ನಡೆಸುವವರು ಯಾರಿದ್ದಾರೆ?

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾಲಿಕೆಯ ಉದ್ಯಾನ ವಿಭಾಗ ಗಿಡ ನೆಡುತ್ತದೆ, ಹುಲ್ಲು ಕತ್ತರಿಸುತ್ತದೆ, ಮುರಿದ ಜಾರುಬಂಡಿ ರಿಪೇರಿ ಮಾಡಿಸುತ್ತದೆ. ಪ್ರಾಧಿಕಾರ ಮಾಡಿದ ಬಡಾವಣೆಯ ಪಾರ್ಕು ಪಾಲಿಕೆಗೆ ಹಸ್ತಾಂತರ ಆಗುವ ತನಕ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿರುತ್ತದೆ. ಕ್ರೀಡಾಕೂಟ, ಕ್ರೀಡಾ ಹಾಸ್ಟೆಲ್ ಎಲ್ಲ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ವೃಕ್ಷೋದ್ಯಾನ ಅರಣ್ಯ ಇಲಾಖೆ. ಮಕ್ಕಳ ಬೇಸಿಗೆ ಶಿಬಿರ ಅಂದರೆ ಬಾಲಭವನ, ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಕರ್ನಾಟಕ ಬಾಲವಿಕಾಸ ಅಕಾಡೆಮಿ ನಮ್ಮ ಧಾರವಾಡದಲ್ಲೇ ಇದೆ. ಹಾಡು, ಕುಣಿತ, ನಾಟಕ ಅಂದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಅರ್ಧ ಧಾರವಾಡ ವಾಕಿಂಗ್ ಮಾಡುತ್ತದೆ, ಆದರೆ ಅದು ಕಾಲೇಜಿನ ಜಾಗ.

ಇಷ್ಟು ಜನ ಇದ್ದಾರೆ. ಆದರೆ "ಗುರುವಾರ ಸಂಜೆ 5ಕ್ಕೆ ಈ ಪಾರ್ಕಿನಲ್ಲಿ ಮಕ್ಕಳಿಗೆ ಖೋಖೋ, ಎಲ್ಲರೂ ಬನ್ನಿ" ಅಂತ ಒಂದು ಬೋರ್ಡು ಬರೆಯುವ ಕೆಲಸ ಇವರಲ್ಲಿ ಯಾರದೂ ಅಲ್ಲ. ಹೊಸ ಪಾಲಿಕೆ ಕಟ್ಟುವಾಗಲೇ ಈ ಕೆಲಸಕ್ಕೆ ಒಂದು ವಿಭಾಗ ಇಡಿ ಅಂತ ನಾವು ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಹುಬ್ಬಳ್ಳಿಯವರೂ ಕೇಳಬೇಕು. ನಿಮಗೇನು ಅನಿಸುತ್ತದೆ?

ಹಳೇ ಹುಬ್ಬಳ್ಳಿ ಕಾಕಾ

ಒಳ್ಳೆ ವಿಷಯ ತೆಗೆದಿರಿ ತಮ್ಮಾ. ಹಿಂದಿನದು ಗೊತ್ತಿದ್ದರೆ ಕೇಳೋದು ಸುಲಭ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ಹುಬ್ಬಳ್ಳಿಯ ನಗರಸಭೆ ಶುರುವಾಗಿದ್ದು 1855ರಲ್ಲಿ, ಧಾರವಾಡದ್ದು 1856ರಲ್ಲಿ. ಎರಡೂ ಕೂಡಿ ಮಹಾನಗರ ಪಾಲಿಕೆ ಆಗಿದ್ದು 1962ರಲ್ಲಿ. ಆ ಹಳೇ ನಗರಸಭೆಗಳಿಗೆ ಮೊದಲ ಚಿಂತೆ ಕುಡಿಯುವ ನೀರು. ಈಗ ನಾವು ವಾಕಿಂಗ್ ಹೋಗುವ ಉಣಕಲ್ ಕೆರೆ, ಕೆಲಗೇರಿ ಕೆರೆ ಎರಡೂ ಊರಿಗೆ ನೀರು ಕೊಡಲೆಂದೇ ಇದ್ದವು. ಆಮೇಲೆ ನೀರಸಾಗರ ಜಲಾಶಯ ಬಂತು, ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಪೈಪಿನಲ್ಲಿ ಬಂತು. ಕೆರೆಯ ನೀರು ಕುಡಿಯುವುದು ನಿಂತಿತು. ಕುಡಿಯುವುದು ನಿಂತ ಮೇಲೆ ಕಾಯುವುದೂ ಕಡಿಮೆ ಆಯಿತು. ಚರಂಡಿ ನೀರು ಸೇರಿತು, ಜಲಕಳೆ ಹಬ್ಬಿತು. ಬಹಳ ಕಾಲ ಆದ ಮೇಲೆ ಅದೇ ಕೆರೆಗೆ ಉದ್ಯಾನ, ದೋಣಿ, ನಡುವೆ ವಿವೇಕಾನಂದರ ಮೂರ್ತಿ ಬಂದವು. ಅಂದರೆ ನಮ್ಮ ದೊಡ್ಡ ಪಾರ್ಕುಗಳು ಪಾರ್ಕಾಗಿ ಹುಟ್ಟಿದ್ದಲ್ಲ. ನೀರಿನ ಕೆಲಸ ಮುಗಿದ ಮೇಲೆ ಪಾರ್ಕಾದವು. ಅದಕ್ಕೇ ಅಲ್ಲಿ ಕಟ್ಟುವ ಇಂಜಿನಿಯರ್ ಇರುತ್ತಾನೆ, ನೀರು ಹಾಕುವ ಮಾಲಿ ಇರುತ್ತಾನೆ, ಜನರಿಗೆ ಏನು ಬೇಕು ಅಂತ ಕೇಳುವವನು ಇರುವುದಿಲ್ಲ.

ಹಾಗಾದರೆ ಮೊದಲು ಜನ ಆಡುತ್ತಲೇ ಇರಲಿಲ್ಲವೇ? ಆಡುತ್ತಿದ್ದರು, ಇಲಾಖೆ ಇರಲಿಲ್ಲ ಅಷ್ಟೇ. ಓಣಿಗೊಂದು ಗರಡಿಮನೆ, ಅಲ್ಲೊಬ್ಬ ಉಸ್ತಾದ. ಕೆಮ್ಮಣ್ಣಿನ ಅಖಾಡಾ ಹದ ಮಾಡುವುದರಿಂದ ಹಿಡಿದು ಹುಡುಗರು ಏನು ತಿನ್ನಬೇಕು ಅನ್ನುವ ತನಕ ಅವನದೇ ಜವಾಬ್ದಾರಿ. ನಾಗರಪಂಚಮಿ ಬಂತೆಂದರೆ ದೊಡ್ಡ ಮರಕ್ಕೆ ಜೋಕಾಲಿ. ತವರಿಗೆ ಬಂದ ಹೆಣ್ಣುಮಕ್ಕಳು ಜೀಕುತ್ತಿದ್ದರು, ಗಂಡುಮಕ್ಕಳು ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುತ್ತಿದ್ದರು. ಹೋಳಿಗೆ ರತಿ-ಕಾಮಣ್ಣ, ಹಲಗೆ ಬಾರಿಸೋದು. ರೈಲ್ವೆ ವರ್ಕ್‌ಶಾಪ್ ಬಂದ ಮೇಲೆ ರೈಲ್ವೆಯವರಿಗೆ ಅವರದೇ ಇನ್ಸ್ಟಿಟ್ಯೂಟ್, ಅವರದೇ ಮೈದಾನ.

ಇವೆಲ್ಲದರಲ್ಲೂ "ನಡೆಸುವವನು" ಅಂತ ಒಬ್ಬ ಇದ್ದ. ಉಸ್ತಾದನೋ, ಓಣಿಯ ಹಿರಿಯನೋ, ಇನ್ಸ್ಟಿಟ್ಯೂಟ್ ಸೆಕ್ರೆಟರಿಯೋ. ಈಗಿನ ಪಾರ್ಕಿನಲ್ಲಿ ಆ ಮನುಷ್ಯ ಇಲ್ಲ.

ವಿದ್ಯಾನಗರ ತಾಯಿ

ಕಾಕಾ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ದಿನಾ ನೋಡುವುದನ್ನು ಹೇಳುತ್ತೇನೆ.

ನಮ್ಮ ಮನೆ ಹತ್ತಿರದ ಪಾರ್ಕಿಗೆ ಬೆಳಿಗ್ಗೆ 5:30ಕ್ಕೆ ಹಿರಿಯರು ಬರುತ್ತಾರೆ, ಯೋಗ, ವಾಕಿಂಗ್ ಮುಗಿಸಿ 8ಕ್ಕೆ ಹೋಗುತ್ತಾರೆ. ಆಮೇಲೆ ಗೇಟಿಗೆ ಬೀಗ. ಸಂಜೆ 4:30ಕ್ಕೆ ತೆಗೆಯುತ್ತಾರೆ. ರಜೆಯಲ್ಲಿ ಮಧ್ಯಾಹ್ನ ಮಕ್ಕಳು ಗೇಟು ಹಾರಿ ಒಳಗೆ ಹೋಗುತ್ತವೆ, ಇಲ್ಲ ರಸ್ತೆಯಲ್ಲೇ ಆಡುತ್ತವೆ. ಸಂಜೆ ಇರುವ ಒಂದು ಬಯಲನ್ನು ದೊಡ್ಡ ಹುಡುಗರು ಕ್ರಿಕೆಟ್ಟಿಗೆ ಹಿಡಿಯುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಾದರೂ ಎಲ್ಲಿಗೆ ಹೋಗಬೇಕು? ಆದರೆ ಹತ್ತು-ಹನ್ನೆರಡು ವಯಸ್ಸಿನ ಹೆಣ್ಣುಮಕ್ಕಳು ಆ ಬಯಲಿಗೆ ಕಾಲೇ ಇಡುವುದಿಲ್ಲ. ಅಂಚಿನ ಬೆಂಚಿನಲ್ಲಿ ಕೂತು ಮಾತಾಡಿ ಮನೆಗೆ ಬರುತ್ತಾರೆ.

ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಡ. ವಾರದಲ್ಲಿ ಎರಡು ಸಂಜೆ ಆ ಬಯಲು ಹೆಣ್ಣುಮಕ್ಕಳಿಗೆ ಅಂತ ಹೇಳುವ, ಹೇಳಿದ್ದನ್ನು ನಡೆಸುವ ಒಬ್ಬ ಅಕ್ಕ ಅಲ್ಲಿ ನಿಂತರೆ ಸಾಕು. ನಾವು ಪಾಲಕರು ಹೇಳಿದರೆ ಜಗಳ ಆಗುತ್ತದೆ. ಬ್ಯಾಡ್ಜ್ ಹಾಕಿಕೊಂಡವರು ಹೇಳಿದರೆ ಹುಡುಗರೂ ಕೇಳುತ್ತಾರೆ.

ತೋಳನಕೆರೆ ವಾಕರ್

ಬೀಗದ ವಿಷಯ ನಮ್ಮ ಕಡೆಯೂ ಅದೇ. ಬೆಂಬಲ ಇದೆ ಅಕ್ಕಾರ.

ದೂರದ ಧಾರವಾಡಿಗ

ನಾನು ಹುಟ್ಟಿ ಬೆಳೆದದ್ದು ಧಾರವಾಡ, ಈಗ ಅಮೆರಿಕದ ಒಂದು ಸಣ್ಣ ಊರಲ್ಲಿದ್ದೇನೆ. ಇಲ್ಲಿ "ಪಾರ್ಕ್ಸ್ ಆ್ಯಂಡ್ ರಿಕ್ರಿಯೇಷನ್" ಅಂತ ಊರಿಗೊಂದು ವಿಭಾಗ ಇರುವುದು ಸಾಮಾನ್ಯ. ಸಾಧನಕೇರಿಯವರು ಕೇಳುತ್ತಿರುವುದು ಹೆಚ್ಚುಕಡಿಮೆ ಇದನ್ನೇ. ಅದು ಹೇಗೆ ಬಂತು ಅಂತ ಬರೆಯುತ್ತೇನೆ, ಯಾಕಂದರೆ ಅದೂ ಸರ್ಕಾರದಿಂದ ಶುರುವಾಗಿದ್ದಲ್ಲ.

1885ರಲ್ಲಿ ಬಾಸ್ಟನ್ ಊರಿನ ಬಡವರ ಓಣಿಯಲ್ಲಿ ಒಂದು ಮಹಿಳಾ ಗುಂಪು ಮಕ್ಕಳಿಗೆ ಅಂತ ಮರಳು ತಂದು ಸುರಿಸಿತು. ಬರ್ಲಿನ್ ನಗರದಲ್ಲಿ ಮಕ್ಕಳು ಮರಳಿನಲ್ಲಿ ಆಡುವುದನ್ನು ನೋಡಿದ್ದ ಒಬ್ಬ ವೈದ್ಯೆ ಕೊಟ್ಟ ಸಲಹೆ ಅದು. ಮೊದಲು ಮಕ್ಕಳನ್ನು ನೋಡಿಕೊಳ್ಳಲು ಅಮ್ಮಂದಿರೇ ನಿಂತರು. ಆಮೇಲೆ ಸಂಬಳ ಕೊಟ್ಟು ಮೇಲ್ವಿಚಾರಕರನ್ನು ಇಟ್ಟರು. ಅಲ್ಲೇ ಇರುವುದು ವಿಷಯ. ಮರಳಿನ ಜೊತೆಗೆ ಒಬ್ಬ ಮನುಷ್ಯಳನ್ನೂ ಇಟ್ಟರು. 1904ರಲ್ಲಿ ಲಾಸ್ ಏಂಜಲೀಸ್ ನಗರ ಆಟದ ಮೈದಾನಗಳಿಗೆ ಅಂತಲೇ ಒಂದು ಮಂಡಳಿ ಮಾಡಿತು. ಆ ಹೊತ್ತಿಗೆ ಷಿಕಾಗೋದಲ್ಲಿ ಪಾರ್ಕಿನೊಳಗೇ ಒಂದು ಕಟ್ಟಡ ಕಟ್ಟಿ, ವ್ಯಾಯಾಮಶಾಲೆ, ಓದುವ ಕೋಣೆ, ಸ್ನಾನದ ಮನೆ, ಸಭಾಂಗಣ ಎಲ್ಲ ಇಟ್ಟರು. ವಲಸೆ ಬಂದ ಕಾರ್ಮಿಕರ ಮನೆಗಳಲ್ಲಿ ಜಾಗ ಇರಲಿಲ್ಲ, ಅವರಿಗೆ ಅದು ಎರಡನೇ ಮನೆ ಆಯಿತು. 1906ರಲ್ಲಿ ದೇಶಕ್ಕೆಲ್ಲ ಸೇರಿ ಆಟದ ಮೈದಾನಗಳ ಒಂದು ಸಂಘ ಆಯಿತು. ಪಾರ್ಕಿನವರ ಸಂಘ ಬೇರೆ, ಆಟದವರ ಸಂಘ ಬೇರೆ ಅಂತ ಇದ್ದದ್ದು 1965ರಲ್ಲಿ ಒಂದಾಯಿತು. ಇವತ್ತಿನ ಹೆಸರಲ್ಲಿ ಪಾರ್ಕು, ಮನರಂಜನೆ ಎರಡೂ ಜೊತೆಗಿರುವುದು ಹೀಗೆ.

ಈಗ ಹೇಗೆ ನಡೆಯುತ್ತದೆ? ಪ್ರತಿ ಋತುವಿಗೆ ಮುಂಚೆ ಒಂದು ಪುಸ್ತಿಕೆ ಬರುತ್ತದೆ. ಸಣ್ಣ ಮಕ್ಕಳಿಗೆ ಈಜು, ಶಾಲೆ ಬಿಟ್ಟ ಮೇಲೆ ಆಟ, ಹಿರಿಯರಿಗೆ ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮ, ಕೈತೋಟ, ಚಿತ್ರಕಲೆ, ಅಂಗವಿಕಲರಿಗೆ ಬೇರೆ ತರಬೇತಿ, ಊರ ಹಬ್ಬ. ಊರವರಿಗೆ ಕಡಿಮೆ ಫೀಸು, ಹೊರಗಿನವರಿಗೆ ಜಾಸ್ತಿ. ಕೊಡಲಾಗದವರಿಗೆ ವಿನಾಯಿತಿ. ಬೇಸಿಗೆಯಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಅಲ್ಲೇ ಕೆಲಸ. ಈಜುಕೊಳದಲ್ಲಿ ಜೀವರಕ್ಷಕರು, ಶಿಬಿರದಲ್ಲಿ ಸಹಾಯಕರು ಬಹುತೇಕ ಅವರೇ.

ಇಲ್ಲಿಯೂ ಎಲ್ಲ ಸರಿ ಇಲ್ಲ. ನಗರಕ್ಕೆ ದುಡ್ಡು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವ ಕಡೆಗಳಲ್ಲಿ ಇದೂ ಒಂದು. ಶ್ರೀಮಂತ ಬಡಾವಣೆಯ ಪಾರ್ಕಿಗೂ ಬಡವರ ಕಡೆಯ ಪಾರ್ಕಿಗೂ ಬಹಳ ಅಂತರ ಇದೆ. ಹಾಗಾಗಿ ಇದನ್ನು ಹಾಗೇ ಎತ್ತಿಕೊಂಡು ಬನ್ನಿ ಅನ್ನುವುದಿಲ್ಲ. ಆದರೆ "ಕಾರ್ಯಕ್ರಮ ನಡೆಸುವುದು ನಗರದ ಕೆಲಸ" ಅನ್ನುವ ಒಂದು ಮಾತು ಮಾತ್ರ ಎತ್ತಿಕೊಂಡು ಬರಲೇಬೇಕು.

ಲೆಕ್ಕದ ಮನುಷ್ಯ

ಕ್ಷಮಿಸಿ, ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಇರುವ ಪಾರ್ಕಿಗೆ ನೀರು ಹಾಕಲೂ ಜನ ಸಾಲದು. ಸ್ಮಾರ್ಟ್ ಸಿಟಿ ಯೋಜನೆ 2015ರಲ್ಲಿ ಬಂತು. ನಮ್ಮ ಅವಳಿ ನಗರ 2016ರಲ್ಲಿ ಅದಕ್ಕೆ ಆಯ್ಕೆ ಆಯಿತು. ಇಂದಿರಾ ಗಾಜಿನ ಮನೆ ಆವರಣ ಹೊಸದಾಗಿ ಮಹಾತ್ಮ ಗಾಂಧಿ ಉದ್ಯಾನ ಆಯಿತು, ಪುಟಾಣಿ ರೈಲು, ಸಂಗೀತ ಕಾರಂಜಿ ಬಂದವು. ತೋಳನಕೆರೆ ಸುಧಾರಿಸಿತು. ಉಣಕಲ್ ನಾಲಾ ಪಕ್ಕ ಸೈಕಲ್ ದಾರಿ, ಹಸಿರು ಕಾರಿಡಾರ್ ಕೆಲಸ ನಡೆಯಿತು. ಒಳ್ಳೆಯದೇ. ಆದರೆ ಆ ಹಣ ಕಟ್ಟುವುದಕ್ಕೆ ಬಂದದ್ದು. ಆ ಯೋಜನೆಯೇ 2025ರ ಮಾರ್ಚಿಗೆ ಮುಗಿಯಿತು. ಇನ್ನು ಬಲ್ಬು, ಪಂಪು, ಕಾವಲುಗಾರ, ಕರೆಂಟ್ ಬಿಲ್ಲು ಎಲ್ಲ ಪಾಲಿಕೆಯ ತಲೆ ಮೇಲೆ. ಇದರ ಮೇಲೆ ಹೊಸ ವಿಭಾಗ ಅಂದರೆ ಎಲ್ಲಿಂದ ತರುತ್ತಾರೆ?

ಇನ್ನೊಂದು ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ನಮ್ಮ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ಕೇಂದ್ರದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕು ಅನ್ನುತ್ತದೆ. 10 ಅಂತಲೇ ಹಿಡಿದರೂ 2300 ಎಕರೆ ದಾಟುತ್ತದೆ. ಉಣಕಲ್ ಕೆರೆಯಂಥ ದೊಡ್ಡ ಕೆರೆಯೇ ಸುಮಾರು 200 ಎಕರೆ. ಮೊದಲು ಜಾಗ ಉಳಿಸೋಣ, ಇರುವುದನ್ನು ಸ್ವಚ್ಛ ಇಡೋಣ. ಖೋಖೋ ಆಮೇಲೆ.

ಕೋರ್ಟ್ ಸರ್ಕಲ್

ಲೆಕ್ಕದ ಸರ್, ಜಾಗ ಉಳಿಯಬೇಕು ಅನ್ನೋದು ಸರಿ. ಆದರೆ ಜಾಗ ಹೋಗುವುದು ಯಾವಾಗ? ಅಲ್ಲಿ ಜನ ಇಲ್ಲದಾಗ. ನಾಲ್ಕು ವರ್ಷ ಪಾಳು ಬಿದ್ದ ಪಾರ್ಕಿನ ಮೂಲೆಯಲ್ಲಿ ಮೊದಲು ಒಂದು ಶೆಡ್ಡು, ಆಮೇಲೆ ಒಂದು ಕಟ್ಟೆ, ಆಮೇಲೆ ಕಟ್ಟಡ. ದಿನಾ ಸಂಜೆ ಐವತ್ತು ಮಕ್ಕಳು ಆಡುವ ಜಾಗಕ್ಕೆ ಯಾರೂ ಕೈ ಹಾಕುವುದಿಲ್ಲ.

ಕಾನೂನು ನಮ್ಮ ಕಡೆಯೇ ಇದೆ. ಪಾರ್ಕು, ಆಟದ ಬಯಲು, ತೆರೆದ ಜಾಗ ಕಾಪಾಡಲು ಅಂತಲೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. 1991ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಬೆಂಗಳೂರಿನ ಪ್ರಕರಣ ಎಲ್ಲರೂ ತಿಳಿದಿರಬೇಕು. ಬಡಾವಣೆ ನಕ್ಷೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿಯ ನಿವಾಸಿಗಳೇ ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೇ ಅಲ್ಲವೇ ಅನ್ನುವ ವಾದ ನಡೆಯಲಿಲ್ಲ. ಪಾರ್ಕಿನ ಜಾಗ ಪಾರ್ಕಿಗೇ ಅಂತ ತೀರ್ಪಾಯಿತು. ದೇಶದ ಎಲ್ಲ ಕಡೆ ಇವತ್ತಿಗೂ ಪಾರ್ಕಿನ ಕೇಸುಗಳಲ್ಲಿ ಆ ತೀರ್ಪನ್ನು ಎತ್ತುತ್ತಾರೆ.

ಇನ್ನು "ಕಾರ್ಯಕ್ರಮ ಪಾಲಿಕೆಯ ಕೆಲಸವೇ?" ಅನ್ನುವ ಪ್ರಶ್ನೆ. ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ 18 ವಿಷಯಗಳ ಪಟ್ಟಿ ಕೊಟ್ಟಿದೆ, 12ನೇ ಅನುಸೂಚಿ. ಅದರಲ್ಲಿ 12ನೆಯದು ಪಾರ್ಕು, ಉದ್ಯಾನ, ಆಟದ ಮೈದಾನ. ಅದರ ಮುಂದಿನದೇ ಸಾಂಸ್ಕೃತಿಕ, ಶೈಕ್ಷಣಿಕ ವಿಷಯಗಳಿಗೆ ಪ್ರೋತ್ಸಾಹ. ಎರಡೂ ಪಕ್ಕಪಕ್ಕದಲ್ಲೇ ಇವೆ. ಅರ್ಜಿಯಲ್ಲಿ ಈ ಎರಡನ್ನೂ ಬರೆಯಬೇಕು.

ಬೆಟಗೇರಿ ಓಣಿ

ಗದಗಿನಿಂದ ಒಂದು ಮಾತು. ಗದಗ, ಹಾವೇರಿ ಎರಡೂ 1997ರ ತನಕ ಧಾರವಾಡ ಜಿಲ್ಲೆಯೊಳಗೇ ಇದ್ದವು, ಹಾಗಾಗಿ ನಾವೂ ಮನೆಯವರೇ ಅಂದುಕೊಳ್ಳಿ.

ನಮ್ಮಲ್ಲಿ ಭೀಷ್ಮ ಕೆರೆ ಇದೆ, ಬಸವಣ್ಣನವರ ಎತ್ತರದ ಮೂರ್ತಿ ಇದೆ. ಬಿಂಕದಕಟ್ಟಿಯಲ್ಲಿ ಮೃಗಾಲಯ ಇದೆ, ಪಕ್ಕದಲ್ಲಿ ಸಾಲುಮರದ ತಿಮ್ಮಕ್ಕನವರ ಹೆಸರಿನ ವೃಕ್ಷೋದ್ಯಾನ ಇದೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಇಷ್ಟು ದೊಡ್ಡ ವಿಷಯ, ಆದರೆ ನಮ್ಮ ಓಣಿಯ ಮಕ್ಕಳಲ್ಲಿ ಎಷ್ಟೋ ಜನ ಆ ಹಕ್ಕಿ ನೋಡಿಲ್ಲ. ಡಿಸೆಂಬರ್, ಜನವರಿ ತಿಂಗಳಲ್ಲಿ ಭಾನುವಾರ ಬೆಳಿಗ್ಗೆ ಒಂದು ಬಸ್ಸು, ಒಂದು ದುರ್ಬೀನು, ಹಕ್ಕಿ ಗೊತ್ತಿರುವ ಒಬ್ಬರು. ಇದನ್ನೇ ಅಲ್ಲವೇ ನೀವು ಕಾರ್ಯಕ್ರಮ ಅನ್ನುವುದು? ಇದು ಪಾಲಿಕೆ ಇರುವ ಊರಿಗೆ ಮಾತ್ರ ಅಲ್ಲ, ನಗರಸಭೆಗಳಿಗೂ ಬೇಕು. ನಿಮ್ಮ ಅರ್ಜಿ ತಯಾರಾದರೆ ನಮಗೂ ಒಂದು ಪ್ರತಿ ಕೊಡಿ.

ಹಾವೇರಿ ಮಾಸ್ತರ್

ನಮಗೂ ಕೊಡಿ. ದೀಪಾವಳಿಯ ಹೊತ್ತಿಗೆ ನಮ್ಮ ಕಡೆ ಹೋರಿ ಬೆದರಿಸುವ ಸ್ಪರ್ಧೆಗೆ ಊರಿಗೆ ಊರೇ ನಿಂತು ವ್ಯವಸ್ಥೆ ಮಾಡುತ್ತದೆ. ಬೇಲಿ, ನೀರು, ಬಹುಮಾನ, ಎಲ್ಲ. ವ್ಯವಸ್ಥೆ ಮಾಡುವ ಶಕ್ತಿ ಜನರಲ್ಲಿದೆ. ವರ್ಷವಿಡೀ ನಡೆಯುವ ಸಣ್ಣ ಆಟಗಳಿಗೆ ಆ ಶಕ್ತಿಯನ್ನು ಜೋಡಿಸುವವರು ಬೇಕು ಅಷ್ಟೇ.

ಗಾಲಿಕುರ್ಚಿ ಗೆಳೆಯ

ಇಷ್ಟು ಮಾತಾದರೂ ಗೇಟಿನ ಬಗ್ಗೆ ಯಾರೂ ಹೇಳಲಿಲ್ಲ. ದನ ಒಳಗೆ ಬಾರದಿರಲಿ, ಬೈಕು ಬಾರದಿರಲಿ ಅಂತ ಪಾರ್ಕಿನ ಬಾಗಿಲಿಗೆ ಅಡ್ಡ ಕಂಬ, ತಿರುಗುವ ಗೇಟು ಹಾಕುತ್ತಾರೆ. ನನ್ನ ಗಾಲಿಕುರ್ಚಿಯೂ ಹೊರಗೇ ಉಳಿಯುತ್ತದೆ. ದೊಡ್ಡ ಗೇಟು ತೆಗೆಯಲು ಕೀಲಿ ಯಾರ ಹತ್ತಿರ ಅಂತ ಕೇಳಿಕೊಂಡು ತಿರುಗಬೇಕು. ಮಗಳು ಒಳಗೆ ಜೀಕುವುದನ್ನು ನಾನು ಹೊರಗಿನಿಂದ ನೋಡುತ್ತೇನೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕ್ರೀಡೆ, ಮನರಂಜನೆಯಲ್ಲಿ ನಮಗೂ ಪಾಲು ಇರಬೇಕು ಅನ್ನುತ್ತದೆ. ಲೆಕ್ಕದ ಸರ್ ದುಡ್ಡೆಲ್ಲಿ ಅಂತ ಕೇಳಿದರು. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಶೇ 5ರಷ್ಟು ಹಣವನ್ನು ಅಂಗವಿಕಲರ ಕಲ್ಯಾಣಕ್ಕೆ ತೆಗೆದಿಡಬೇಕು ಅನ್ನುವ ನಿಯಮ ಇದ್ದೇ ಇದೆ. ಅದರಲ್ಲಿ ಸ್ವಲ್ಪ ಪಾರ್ಕಿನ ಇಳಿಜಾರು ದಾರಿಗೆ, ನಮ್ಮಂಥವರ ಆಟಕ್ಕೆ ಬರಲಿ. ವಿಭಾಗ ಇದ್ದರೆ ಇದನ್ನು ಕೇಳಲು ಒಂದು ಟೇಬಲ್ ಆದರೂ ಇರುತ್ತದೆ.

ಲೆಕ್ಕದ ಮನುಷ್ಯ

ಗಾಲಿಕುರ್ಚಿಯವರೇ, ನಿಮ್ಮ ಮಾತು ಮನಸ್ಸಿಗೆ ತಾಕಿತು. ಆ ಶೇ 5ರ ಹಣವನ್ನು ಹೀಗೂ ಬಳಸಬಹುದು, ಬಳಸಬೇಕು.

ದುಡ್ಡಿನ ಬಗ್ಗೆ ಇನ್ನೂ ಒಂದು ದಾರಿ ಇದೆ. ನಾವು ಕಟ್ಟುವ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇರುತ್ತದೆ. ಆರೋಗ್ಯ ಕರ ಇರುತ್ತದೆ, ಭಿಕ್ಷುಕರ ಪುನರ್ವಸತಿ ಕರ ಇರುತ್ತದೆ. ಗ್ರಂಥಾಲಯ ಕರ 1965ರ ಕಾಯ್ದೆಯಿಂದ ಬಂದದ್ದು. ಅದರಿಂದಲೇ ಊರೂರಿಗೆ ಗ್ರಂಥಾಲಯ, ಅಲ್ಲೊಬ್ಬ ಗ್ರಂಥಪಾಲಕ, ಬೆಳಿಗ್ಗೆ ಸಂಜೆ ಸಮಯ ಅನ್ನುವ ವ್ಯವಸ್ಥೆ ನಿಂತಿದೆ. ಪುಸ್ತಕಕ್ಕೆ ಹಾಗೆ ಮಾಡಿದ ರಾಜ್ಯ ನಮ್ಮದು. ಆಟಕ್ಕೆ ಹೊಸ ಕರ ಹಾಕಿ ಅಂತ ನಾನು ಈಗಲೇ ಹೇಳುವುದಿಲ್ಲ, ಜನರಿಗೆ ಭಾರ ಸಾಕಷ್ಟಿದೆ. ಆದರೆ ಬಜೆಟ್ಟಿನಲ್ಲಿ "ಉದ್ಯಾನ ನಿರ್ವಹಣೆ" ಅನ್ನುವ ಸಾಲಿನ ಕೆಳಗೆ "ಉದ್ಯಾನ ಕಾರ್ಯಕ್ರಮ" ಅಂತ ಬೇರೆ ಸಾಲು ಬರೆಸಿದರೆ, ಅದರಲ್ಲಿ ಎಷ್ಟೇ ಸಣ್ಣ ಮೊತ್ತ ಇದ್ದರೂ, ಮುಂದಿನ ವರ್ಷ ಅದು ಯಾಕೆ ಖರ್ಚಾಗಲಿಲ್ಲ ಅಂತ ಕೇಳಬಹುದು. ಸಾಲೇ ಇಲ್ಲದಿದ್ದರೆ ಕೇಳಲು ಬರುವುದಿಲ್ಲ. ಇಷ್ಟಕ್ಕೆ ನನ್ನ ಸಹಿ ಇದೆ. ಪೂರ್ತಿ ವಿಭಾಗ ಅನ್ನುವುದಕ್ಕೆ ಇನ್ನೂ ಇಲ್ಲ.

ಮೈದಾನದ ಮೇಷ್ಟ್ರು

ನಾನು ದೈಹಿಕ ಶಿಕ್ಷಕ. ಜನ ಎಲ್ಲಿಂದ ಬರುತ್ತಾರೆ ಅನ್ನುವುದಕ್ಕೆ ನನ್ನ ಉತ್ತರ ಕೇಳಿ.

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ದೈಹಿಕ ಶಿಕ್ಷಣ ವಿಭಾಗ ಇದೆ. ಸಮಾಜಕಾರ್ಯ ಓದುವ ಮಕ್ಕಳಿಗೆ ವಾರಕ್ಕಿಷ್ಟು ಕ್ಷೇತ್ರಕಾರ್ಯ ಅಂತ ಇರುತ್ತದೆ. ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಇದೆ. ಹುಬ್ಬಳ್ಳಿಯಲ್ಲಿ ಉಣಕಲ್ ಹತ್ತಿರವೇ ಗಂಗೂಬಾಯಿ ಹಾನಗಲ್ ಗುರುಕುಲ ಇದೆ. ಹಿಂದೂಸ್ತಾನಿ ಸಂಗೀತ ಕಲಿಯುವ ಮಕ್ಕಳಿಗೆ ಕೇಳುವ ಕಿವಿಗಳು ಬೇಕು. ಕೆರೆ ದಂಡೆಯಲ್ಲಿ ತಿಂಗಳಿಗೊಂದು ಬೆಳಗಿನ ರಾಗ ಇಟ್ಟರೆ ಬರುವವರು ಇಲ್ಲವೇ? ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ, ಬಸವರಾಜ ರಾಜಗುರು ಎಲ್ಲರೂ ನಮ್ಮ ಈ ಸೀಮೆಯವರು. ಅವರ ನಾಡಿನ ಪಾರ್ಕಿನಲ್ಲಿ ಸ್ಪೀಕರಿನ ಸಿನಿಮಾ ಹಾಡು ಮಾತ್ರ ಕೇಳಿದರೆ ನನಗೆ ಬೇಸರ ಆಗುತ್ತದೆ.

ಆಟದ ವಿಷಯಕ್ಕೆ ಬಂದರೆ ದುಬಾರಿ ಸಾಮಾನು ಬೇಡ. ಲಗೋರಿಗೆ ಏಳು ಹಂಚಿನ ಚೂರು, ಒಂದು ಚೆಂಡು. ಖೋಖೋಗೆ ಎರಡು ಕಂಬ. ಕುಂಟೆಬಿಲ್ಲೆಗೆ ಸುಣ್ಣದ ಗೆರೆ. ಕಬಡ್ಡಿಗೆ ಅದೂ ಬೇಡ, ಬಯಲು ಸಾಕು. ಹೊರಾಂಗಣ ಜಿಮ್ಮಿನ ಯಂತ್ರಗಳನ್ನು ಎಲ್ಲ ಕಡೆ ಹಾಕಿದ್ದಾರೆ, ಆದರೆ ಮೊಣಕಾಲು ನೋವಿರುವ ಅಜ್ಜಿ ಯಾವುದನ್ನು ಮುಟ್ಟಬಾರದು ಅಂತ ಹೇಳುವವರಿಲ್ಲ. ತಿಂಗಳಿಗೊಮ್ಮೆ ಒಬ್ಬ ಫಿಸಿಯೋಥೆರಪಿಸ್ಟ್ ಬಂದು ತೋರಿಸಿದರೂ ದೊಡ್ಡ ಉಪಕಾರ.

ಕಾಲಕ್ಕೆ ತಕ್ಕ ಹಾಗೆ ಮಾಡಬೇಕು ಅನ್ನುವುದನ್ನು ಒತ್ತಿ ಹೇಳುತ್ತೇನೆ. ಧಾರವಾಡದಲ್ಲಿ ಜೂನ್, ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಮೈದಾನದ ಆಟ ಆಗುವುದಿಲ್ಲ. ಆಗ ಪಾರ್ಕಿನ ಮಂಟಪದಲ್ಲಿ ಚೌಕಾಬಾರ, ಪಗಡೆ, ಚೆಸ್, ಕಥೆ ಹೇಳುವುದು. ಪಂಚಮಿಗೆ ಜೋಕಾಲಿ. ಕಾಕಾ ಅವರು ಹೇಳಿದ್ದು ಓದಿ ನನಗೆ ಅನಿಸಿತು, ಮರ ಪರೀಕ್ಷೆ ಮಾಡಿಸಿ, ಗಟ್ಟಿ ಹಗ್ಗ ಕಟ್ಟಿ, ಅದನ್ನು ಪಾರ್ಕಿನ ಹಬ್ಬ ಮಾಡಬಹುದು. ನವೆಂಬರಿನಿಂದ ಫೆಬ್ರುವರಿ ತನಕ ಓಟ, ಸೈಕಲ್, ಹಕ್ಕಿ ನೋಡುವುದು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 6:30ರಿಂದ 9ರ ಒಳಗೆ ಶಿಬಿರ ಮುಗಿಯಬೇಕು, ಆಮೇಲೆ ಹುಬ್ಬಳ್ಳಿ ಬಿಸಿಲು ಮಕ್ಕಳಿಗೆ ಆಗದು. ಖಾಸಗಿ ಬೇಸಿಗೆ ಶಿಬಿರದ ಫೀಸು ಕೂಲಿ ಮಾಡುವವರ ಮಕ್ಕಳಿಗೆ ಎಟಕುವುದಿಲ್ಲ. ಅವರಿಗೆ ಇದೇ ಶಿಬಿರ.

ಆದರೆ ಒಂದು ಎಚ್ಚರಿಕೆ. ವಿದ್ಯಾರ್ಥಿಗಳು, ಸ್ವಯಂಸೇವಕರು ಇದ್ದಾರೆ ಅಂತ ಸಂಬಳದ ಮನುಷ್ಯ ಬೇಡ ಅನ್ನಬಾರದು. ಪರೀಕ್ಷೆ ಬಂದರೆ ವಿದ್ಯಾರ್ಥಿ ಬರುವುದಿಲ್ಲ, ಮದುವೆ ಸೀಸನ್ ಬಂದರೆ ಸ್ವಯಂಸೇವಕ ಬರುವುದಿಲ್ಲ. ಸೋಮವಾರ ಮಳೆ ಬಂದು ಆಟ ನಿಂತರೆ ಬುಧವಾರ ಇದೆ ಅಂತ ಮಕ್ಕಳಿಗೆ ಹೇಳಲು ಒಬ್ಬರು ಖಾಯಂ ಇರಲೇಬೇಕು. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ಪರಿಶೀಲನೆಯೂ ಆಗಬೇಕು, ಅದನ್ನು ಸರ್ಕಾರಿ ವ್ಯವಸ್ಥೆಯೇ ಮಾಡಬೇಕು.

ವಿದ್ಯಾನಗರ ತಾಯಿ

ಮೇಷ್ಟ್ರೇ, ಕೊನೆಯ ಮಾತಿಗೆ ಧನ್ಯವಾದ. ಅದು ಇಲ್ಲದಿದ್ದರೆ ನಾನು ಮಗಳನ್ನು ಕಳಿಸುವುದಿಲ್ಲ. ಇನ್ನೊಂದು ಸೇರಿಸಿ, ಹೆಂಗಸರ ಶೌಚಾಲಯ. ಅದು ಸ್ವಚ್ಛ ಇಲ್ಲದಿದ್ದರೆ ನಾವು ಒಂದು ತಾಸಿಗಿಂತ ಜಾಸ್ತಿ ಪಾರ್ಕಿನಲ್ಲಿ ಇರಲಾರೆವು, ಮಕ್ಕಳೂ ಇರಲಾರರು.

ನವನಗರ ಸೈಕಲ್

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಗಳಲ್ಲಿ ಪಾರ್ಕಿನ ಕಾರ್ಯಕ್ರಮದ ಬೋರ್ಡು ಹಾಕಬಹುದಲ್ಲವೇ? ದಿನಾ ಎರಡೂ ಊರಿನ ಜನ ಓಡಾಡುವುದು ಅಲ್ಲೇ. ಉಣಕಲ್ ಕೆರೆಗಂತೂ ಬಸ್ಸಿಳಿದರೆ ಆಯಿತು.

ಸಾಧನಕೇರಿ ದಂಡೆ

ಎಲ್ಲರ ಮಾತು ಸೇರಿಸಿ ಅರ್ಜಿಯ ಕರಡು ಬರೆಯುತ್ತಿದ್ದೇನೆ. ಲೆಕ್ಕದ ಸರ್ ಹೇಳಿದ ಬಜೆಟ್ ಸಾಲನ್ನು ಮೊದಲು ಇಡುತ್ತೇನೆ, ಅದು ಎಲ್ಲರೂ ಒಪ್ಪುವ ಮಾತು. ಎರಡನೆಯದು, ಎರಡೂ ಊರಲ್ಲಿ ಒಂದೊಂದು ಪಾರ್ಕಿಗೆ ಪ್ರಾಯೋಗಿಕವಾಗಿ ಒಬ್ಬ ಕಾರ್ಯಕ್ರಮ ಸಂಯೋಜಕರು. ಆಮೇಲೆ ಗೇಟು, ಇಳಿಜಾರು, ಶೌಚಾಲಯ. ಹೆಣ್ಣುಮಕ್ಕಳಿಗೆ ಮೀಸಲು ಸಂಜೆಗಳು. ಬಾಗಿಲು ತೆಗೆಯುವ ಸಮಯ. 1985ರ ಕಾಯ್ದೆ, 12ನೇ ಅನುಸೂಚಿಯ ಉಲ್ಲೇಖ. ಪ್ರತ್ಯೇಕ ವಿಭಾಗದ ಬೇಡಿಕೆಯನ್ನೂ ಬರೆಯುತ್ತೇನೆ. ಲೆಕ್ಕದ ಸರ್ ಅದಕ್ಕೆ ಸಹಿ ಹಾಕದಿದ್ದರೂ ಪರವಾಗಿಲ್ಲ, ಎರಡು ಹಾಳೆ ಮಾಡೋಣ.

ವಾರ್ಡ್ ಸಮಿತಿ ಸಭೆ ಯಾವ ವಾರ್ಡಿನಲ್ಲಿ ಯಾವಾಗ ಅಂತ ಗೊತ್ತಿದ್ದವರು ಇಲ್ಲೇ ಬರೆಯಿರಿ. ಒಬ್ಬರೇ ಹೋಗುವುದು ಬೇಡ, ಮಕ್ಕಳನ್ನೂ ಕರೆದುಕೊಂಡು ಹೋಗೋಣ.

ಲೆಕ್ಕದ ಮನುಷ್ಯ

ಪ್ರಾಯೋಗಿಕ ಪಾರ್ಕಿನಲ್ಲಿ ಎಷ್ಟು ಜನ ಬಂದರು, ಅದರಲ್ಲಿ ಹೆಣ್ಣುಮಕ್ಕಳೆಷ್ಟು, ಹಿರಿಯರೆಷ್ಟು ಅಂತ ದಿನಾ ಒಂದು ವಹಿಯಲ್ಲಿ ಬರೆಯಬೇಕು ಅನ್ನುವ ಷರತ್ತು ಹಾಕಿ. ಆ ವಹಿ ತುಂಬಿ ಬಂದರೆ ಎರಡನೇ ಹಾಳೆಗೂ ಸಹಿ ಹಾಕುತ್ತೇನೆ.

ಮೈದಾನದ ಮೇಷ್ಟ್ರು

ವಹಿ ಬರೆಯುವ ಕೆಲಸ ನನ್ನ ಹಳೇ ವಿದ್ಯಾರ್ಥಿಗಳಿಗೆ ಒಪ್ಪಿಸುತ್ತೇನೆ. ಕರಡು ಇಲ್ಲಿ ಹಾಕಿ ಸರ್, ಭಾನುವಾರದೊಳಗೆ ತಿದ್ದಿ ಕೊಡುತ್ತೇನೆ.

ಗಾಲಿಕುರ್ಚಿ ಗೆಳೆಯ

ಇಳಿಜಾರಿನ ಅಳತೆ ಸರಿಯಾಗಿ ಬರೆಯಿರಿ. ಒಂದು ಅಡಿ ಏರಲು ಕಡಿಮೆ ಅಂದರೂ ಹನ್ನೆರಡು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ನಾನು ಹತ್ತಲಾರೆ, ಬೇರೆಯವರು ತಳ್ಳಬೇಕಾಗುತ್ತದೆ. ಸಭೆಗೆ ನಾನೂ ಬರುತ್ತೇನೆ, ನೆಲಮಹಡಿಯಲ್ಲಿ ಇಡಲು ಹೇಳಿ.